ಎಂಬತ್ತು ಕಿಲೋ ಮೈ, ಒಂದು ಟನ್ ಎಳೆತ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ದೂರದಲ್ಲಿ, ಕನಕಪುರ ರಸ್ತೆಯಾಗಲಿ, ರಾಮನಗರವಾಗಲಿ, ನಂದಿಬೆಟ್ಟದ ತಪ್ಪಲಾಗಲಿ, ಈಗ ಎತ್ತ ಹೋದರೂ ಒಂದು ಜಿಪ್‌ಲೈನ್ ಕಣ್ಣಿಗೆ ಬೀಳುತ್ತದೆ. ಎರಡು ಕಂಬ, ನಡುವೆ ಉಕ್ಕಿನ ಕೇಬಲ್, ಅದರ ಮೇಲೆ ಉರುಳುವ ಟ್ರಾಲಿ, ಕೆಳಗೆ ಹಾರ್ನೆಸ್ ತೊಟ್ಟು ನೇತಾಡುವ ಮನುಷ್ಯ. 2024ರ ಮೇ ತಿಂಗಳಲ್ಲಿ ಹಾರೋಹಳ್ಳಿ ಬಳಿಯ ರೆಸಾರ್ಟೊಂದರಲ್ಲಿ ಇಂಥದ್ದೇ ಕೇಬಲ್ ತುಂಡಾಗಿ, ಬೆಂಗಳೂರಿನಿಂದ ಸ್ನೇಹಿತರ ಜೊತೆ ಹೋಗಿದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಅದು ಎಲ್ಲೋ ಒಮ್ಮೆ ಆಗಿಹೋದ ದುರದೃಷ್ಟ ಎಂದು ನಾನು ನಂಬುವುದಿಲ್ಲ. ಕೋವಿಡ್ ನಂತರದ ಭರಾಟೆಯಲ್ಲಿ ಸಾಲುಸಾಲಾಗಿ ಎದ್ದ ಇಂಥ ತಾಣಗಳ ಕೇಬಲ್‌ಗಳಿಗೆಲ್ಲ ಈಗ ಹೆಚ್ಚುಕಡಿಮೆ ಒಟ್ಟಿಗೇ ವಯಸ್ಸಾಗುತ್ತಿದೆ. ಉಕ್ಕಿಗೆ ವಯಸ್ಸಾಗುವ ಬಗೆ ಹೊರಗಿನಿಂದ ನೋಡುವವರಿಗೆ ಸುಲಭವಾಗಿ ತಿಳಿಯುವಂಥದ್ದಲ್ಲ.

ಮೊದಲು ಒಂದು ಲೆಕ್ಕ. ಕಂಬಗಳ ನಡುವಿನ ಅಂತರ 100 ಮೀಟರ್ ಇರಲಿ. 80 ಕಿಲೋ ತೂಕದವರು ನಟ್ಟನಡುವೆ ಬಂದಾಗ ಕೇಬಲ್ 5 ಮೀಟರ್ ಜಗ್ಗಿದರೆ ಅದರ ಮೇಲಿನ ಎಳೆತ ಸುಮಾರು 400 ಕಿಲೋ. ಅದನ್ನೇ ಬಿಗಿದು ಕಟ್ಟಿ ಜಗ್ಗುವುದನ್ನು 2 ಮೀಟರಿಗೆ ಇಳಿಸಿದರೆ ಎಳೆತ 1000 ಕಿಲೋಗೆ, ಅಂದರೆ ಒಂದು ಟನ್ನಿಗೆ ಏರುತ್ತದೆ. 1 ಮೀಟರಿಗೆ ಇಳಿಸಿದರೆ ಎರಡು ಟನ್. ನೇತಾಡುವವರ ತೂಕ ಮಾತ್ರ ಅಷ್ಟೇ ಇದೆ. ಕೇಬಲ್‌ನ ಸ್ವಂತ ಭಾರವನ್ನೂ ಕೊನೆಯಲ್ಲಿ ಬ್ರೇಕ್ ಬಿದ್ದಾಗಿನ ಜರ್ಕನ್ನೂ ನಾನಿಲ್ಲಿ ಸೇರಿಸಿಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ತೀರಾ ಬಿಗಿಯಾಗಿ ಕಟ್ಟಿದಾಗ ಒಂದು ಒದ್ದೆ ಕಂಬಳಿಗೇ ಮೊಳೆ ಕಿತ್ತು ಬರುವುದು ಇದೇ ಕಾರಣಕ್ಕೆ. ಆದರೂ ಕೇಬಲ್ ಬಿಗಿಮಾಡುವ ಆಸೆ ನಡೆಸುವವರಿಗೆ ಇದ್ದೇ ಇರುತ್ತದೆ. ಸಡಿಲವಿದ್ದರೆ ಹಗುರ ಮೈಯವರು ನಡುವೆಯೇ ನಿಂತುಬಿಡುತ್ತಾರೆ, ಅವರನ್ನು ಹಗ್ಗ ಹಾಕಿ ಎಳೆದು ತರಬೇಕು, ಅಷ್ಟರಲ್ಲಿ ಕಾಯುವವರ ಸಾಲು ಬೆಳೆಯುತ್ತದೆ.

12 ಮಿಲಿಮೀಟರ್ ದಪ್ಪದ ಉಕ್ಕಿನ ಕೇಬಲ್ ಹೊಸದಾಗಿದ್ದಾಗ ಏಳೆಂಟು ಟನ್ ತಡೆಯುತ್ತದೆ. ಹಾಗಿದ್ದ ಮೇಲೆ ಒಂದು ಟನ್ನಿಗೆ ಹೆದರಬೇಕೇ ಎಂದು ಕೇಳಬಹುದು. ಹೊಸದಾಗಿದ್ದಷ್ಟು ದಿನ ಹೆದರಬೇಕಿಲ್ಲ. ಕೇಬಲ್ ಎಂಬುದು ಒಂದೇ ಸಲಾಕೆಯಲ್ಲ, ನೂರಾರು ಸಣ್ಣ ತಂತಿಗಳನ್ನು ಹುರಿಮಾಡಿ ಹೆಣೆದದ್ದು. ಟ್ರಾಲಿಯ ಚಕ್ರ ಹಾದಾಗಲೆಲ್ಲ ಅದರಡಿಯ ತಂತಿ ಒಂದಿಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹೀಗೆ ಸಾವಿರಾರು ಸಲ ಬಾಗಿದ ಉಕ್ಕಿನಲ್ಲಿ ಕೂದಲಿಗಿಂತ ತೆಳ್ಳಗಿನ ಬಿರುಕು ಹುಟ್ಟುತ್ತದೆ. ಲೋಹದ ದಣಿವು ಎನ್ನುವುದು ಇದನ್ನೇ. ಮಳೆಗಾಲದ ನೀರು ಹುರಿಯ ಒಳಕ್ಕೆ ಇಳಿದರೆ ಬೇಗ ಆರುವುದಿಲ್ಲ, ಹೊರಮೈ ಹೊಳೆಯುತ್ತಿದ್ದರೂ ತಿರುಳು ತುಕ್ಕು ಹಿಡಿಯುತ್ತಿರುತ್ತದೆ. ತಂತಿಗಳು ಒಂದೊಂದಾಗಿ ತುಂಡಾಗುತ್ತ ಹೋಗುತ್ತವೆ, ಉಳಿದವು ಅವುಗಳ ಭಾರವನ್ನೂ ಹೊತ್ತುಕೊಳ್ಳುತ್ತವೆ. ಹಾಗಾಗಿ ನಿನ್ನೆ ನೂರು ಜನ ಸುರಕ್ಷಿತವಾಗಿ ದಾಟಿದರು ಎಂಬುದು ಇವತ್ತಿನ ಮಟ್ಟಿಗೆ ಯಾವ ಖಾತರಿಯನ್ನೂ ಕೊಡುವುದಿಲ್ಲ. ನಿನ್ನೆ ದಾಟಿದ ಆ ನೂರು ಜನರೇ ಕೇಬಲ್ಲನ್ನು ಇನ್ನಷ್ಟು ದಣಿಸಿರುತ್ತಾರೆ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ದೇಶ ಈಗಾಗಲೇ ನೋಡಿದೆ. ಗುಜರಾತಿನ ಮೋರ್ಬಿಯ ತೂಗುಸೇತುವೆ ದುರಸ್ತಿಯಾಗಿ 2022ರ ಅಕ್ಟೋಬರ್ 26ರಂದು ಮತ್ತೆ ತೆರೆಯಿತು, 30ರಂದು ಕುಸಿಯಿತು. 135 ಜನ ಸತ್ತರು. ಕಿತ್ತುಹೋದ ಮುಖ್ಯ ಕೇಬಲ್‌ನಲ್ಲಿದ್ದ 49 ತಂತಿಗಳಲ್ಲಿ 22 ತಂತಿಗಳಿಗೆ ತುಕ್ಕು ಹಿಡಿದಿತ್ತು, ದುರಂತಕ್ಕೆ ಮುಂಚೆಯೇ ಅವು ತುಂಡಾಗಿದ್ದಿರಬಹುದು ಎಂದು ವಿಶೇಷ ತನಿಖಾ ತಂಡ ಹೇಳಿತು. ದುರಸ್ತಿಯಲ್ಲಿ ಕಾಲಡಿಯ ಹಾಸು ಹೊಸದಾಯಿತು, ಕೇಬಲ್ ಹಳೆಯದೇ ಉಳಿಯಿತು. ರೆಸಾರ್ಟುಗಳಲ್ಲಿ ಸೀಸನ್ನಿಗೊಮ್ಮೆ ಕಂಬಕ್ಕೆ ಹೊಸ ಬಣ್ಣ ಬಳಿದಿರುವುದನ್ನು ಕಂಡಾಗ ನನಗೆ ಆ ಹಾಸು ನೆನಪಾಗುತ್ತದೆ.

ಕೇಬಲ್‌ನ ಅತ್ಯಂತ ಬಡಪಾಯಿ ಜಾಗ ಅದರ ತುದಿ. ಕಂಬಕ್ಕೆ ಸುತ್ತಿ ಹಿಂದಕ್ಕೆ ತಂದ ತುದಿಯನ್ನು ಸಾಮಾನ್ಯವಾಗಿ ಯು ಆಕಾರದ ಬೋಲ್ಟ್ ಇರುವ ಕ್ಲಾಂಪುಗಳಿಂದ ಬಿಗಿಯುತ್ತಾರೆ. ಕ್ಲಾಂಪಿನ ಅಗಲವಾದ ತಳ ಭಾರ ಹೊರುವ ಉದ್ದ ಕೇಬಲ್‌ನ ಮೇಲೆ ಕೂರಬೇಕು, ಯು ಬೋಲ್ಟ್ ಮೋಟು ತುದಿಯ ಮೇಲೆ. ತಿರುವುಮುರುವಾದರೆ ಬೋಲ್ಟು ಭಾರ ಹೊರುವ ತಂತಿಗಳನ್ನೇ ಅಮುಕಿ ಜಜ್ಜುತ್ತದೆ. ಸರಿಯಾಗಿ ಹಾಕಿದಾಗಲೂ ಈ ಜೋಡಣೆಗೆ ಸಿಗುವುದು ಕೇಬಲ್‌ನ ಶಕ್ತಿಯ ಸುಮಾರು ಶೇಕಡಾ 80 ಮಾತ್ರ. ಮೊದಲ ಭಾರ ಬಿದ್ದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು. ನಾನು ಹೋಗಿದ್ದ ಒಂದು ರೆಸಾರ್ಟಿನಲ್ಲಿ ಮೂರು ಕ್ಲಾಂಪುಗಳಿದ್ದವು. ಎರಡು ಒಂದು ಕಡೆಗೆ ಮುಖಮಾಡಿದ್ದರೆ ಮೂರನೆಯದು ಇನ್ನೊಂದು ಕಡೆಗೆ. ಬೋಲ್ಟಿನ ಬುಡದಲ್ಲಿ ಕುಂಕುಮದಂಥ ಕೆಂಪು ಪುಡಿ ಇಳಿದಿತ್ತು. ಅದು ಒಳಗಿನ ತಂತಿಗಳು ಒಂದಕ್ಕೊಂದು ತಿಕ್ಕಿ ಉದುರಿಸುವ ತುಕ್ಕು.

“ಈ ಕೇಬಲ್ ಹಾಕಿ ಎಷ್ಟು ವರ್ಷ ಆಯ್ತಪ್ಪ?” ಎಂದು ಅಲ್ಲಿದ್ದ ಹುಡುಗನನ್ನು ಕೇಳಿದೆ.

“ಗೊತ್ತಿಲ್ಲ ಸಾರ್, ನಾನು ಕೆಲ್ಸಕ್ಕೆ ಸೇರ್ದಾಗಿಂದ ಇದೇ ಐತೆ.”

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೇಬಲ್‌ಗೆ ಒಂದು ಲಾಗ್ ಪುಸ್ತಕ ಇರಬೇಕು ಎಂದು ಅವನಿಗೆ ಯಾರೂ ಹೇಳಿಲ್ಲ.

ಹಾರ್ನೆಸ್ಸಿನ ಕಥೆ ಬೇರೆ, ಆದರೆ ಕೊನೆ ಅದೇ. ಅದರ ಪಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್. ಬಿಸಿಲಿನ ನೇರಳಾತೀತ ಕಿರಣಗಳು ಅದರ ಅಣುಸರಪಳಿಗಳನ್ನು ಕತ್ತರಿಸುತ್ತ ಹೋಗುತ್ತವೆ, ಪಟ್ಟಿಯ ಬಣ್ಣ ಮಾಸುತ್ತದೆ, ಅದು ಗಡುಸಾಗುತ್ತದೆ. ತಯಾರಕರು ಸಾಮಾನ್ಯವಾಗಿ ಕೊಡುವ ಗರಿಷ್ಠ ಆಯುಷ್ಯ ಹತ್ತು ವರ್ಷ, ಅದೂ ಬಳಸದೆ ಇಟ್ಟಿದ್ದರೆ. ದಿನವಿಡೀ ಬಿಸಿಲಿನಲ್ಲಿ, ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರಿಗೆ ತೊಡಿಸುವ ಪಟ್ಟಿಯನ್ನು ವರ್ಷ ತುಂಬುವ ಮೊದಲೇ ಎಸೆಯಬೇಕಾಗಿ ಬರಬಹುದು. ನೈಲಾನಿಗೆ ಇನ್ನೊಂದು ಶತ್ರು ಬ್ಯಾಟರಿಯ ಆಸಿಡ್. ಯುಪಿಎಸ್ ಬ್ಯಾಟರಿ ಇಟ್ಟ ಕೋಣೆಯಲ್ಲೇ ಹಗ್ಗ, ಹಾರ್ನೆಸ್ ಗುಡ್ಡೆಹಾಕಿದ್ದರೆ ಪಟ್ಟಿಯ ಮೇಲೆ ಏನೂ ಕಾಣದೆಯೇ ಅದರ ಶಕ್ತಿ ಕುಸಿದಿರಬಹುದು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ವಿವರವಾದ ಸುರಕ್ಷತಾ ಮಾರ್ಗಸೂಚಿ ಹೊರತಂದಿತು. ಒಳ್ಳೆಯ ಕೆಲಸ, ಆದರೆ ಅದು ಮಾರ್ಗಸೂಚಿಯೇ ಹೊರತು ಕಾಯ್ದೆಯಲ್ಲ. ಇದೇ ರಾಜ್ಯದಲ್ಲಿ ಅಪಾರ್ಟ್‌ಮೆಂಟಿನ ಲಿಫ್ಟಿಗೆ 2012ರ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಕರ ತಪಾಸಣೆ ಇದೆ. ನಾಲ್ಕು ಗೋಡೆಯೊಳಗೆ, ಮಳೆ ತಾಗದ, ಸುರಕ್ಷತಾ ಬ್ರೇಕ್ ಇರುವ ಕೇಬಲ್ಲಿಗೆ ಇಷ್ಟು ಎಚ್ಚರ. ಬಯಲಿನಲ್ಲಿ ಮಳೆಗಾಳಿಗೆ ಒಡ್ಡಿಕೊಂಡು ನಿಂತ ಕೇಬಲ್ಲಿಗೂ ಅಂಥದ್ದೇ ಕಾಯ್ದೆ, ವರ್ಷಕ್ಕೊಮ್ಮೆ ಹೊರಗಿನ ಎಂಜಿನಿಯರ್ ತಪಾಸಣೆ, ಕಂಬದ ಮೇಲೆ ಎಲ್ಲರಿಗೂ ಕಾಣುವಂತೆ ಆ ತಪಾಸಣೆಯ ದಿನಾಂಕ, ಇಷ್ಟನ್ನು ಸರ್ಕಾರ ಈಗಲೇ ಮಾಡಬೇಕು. ತನಿಖಾ ವರದಿ ಬರೆಯುವ ಸಂದರ್ಭ ಬರುವವರೆಗೆ ಕಾಯಬಾರದು.

ಅಲ್ಲಿಯವರೆಗೆ ಕೇಳುವ ಕೆಲಸ ನಮ್ಮದು. ಟಿಕೆಟ್ ಕೊಳ್ಳುವ ಮೊದಲು ಕೇಬಲ್ ಯಾವ ವರ್ಷದ್ದು, ಕೊನೆಯ ತಪಾಸಣೆ ಯಾವಾಗ ಆಯಿತು ಎಂದು ಕೇಳಿ, ಲಾಗ್ ಪುಸ್ತಕ ತೋರಿಸಲು ಹೇಳಿ. ಹಾರ್ನೆಸ್ಸಿನ ಒಳಮಗ್ಗುಲಲ್ಲಿ ಹೊಲಿದಿರುವ ಚೀಟಿಯಲ್ಲಿ ತಯಾರಾದ ವರ್ಷ ಇರುತ್ತದೆ. ಚೀಟಿ ಕಿತ್ತುಹೋಗಿದ್ದರೆ ಅದನ್ನು ತೊಡಬೇಡಿ. ಟ್ರಾಲಿಗೆ ಒಂದೇ ಕೊಂಡಿಯೋ, ಅದು ಕೈಕೊಟ್ಟರೆ ಹಿಡಿಯಲು ಬೇರೆಯೇ ಎರಡನೆಯ ಕೊಂಡಿ ಇದೆಯೋ ನೋಡಿ. ನಡುವೆ ಸಿಕ್ಕಿಕೊಂಡವರನ್ನು ಎಷ್ಟು ಹೊತ್ತಿನಲ್ಲಿ ಇಳಿಸುತ್ತೀರಿ ಎಂದೂ ಕೇಳಿ. ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡುವವರಿಗೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ‘ನನ್ನ ಸ್ವಂತ ಜವಾಬ್ದಾರಿಯ ಮೇಲೆ’ ಎಂಬ ಕಾಗದಕ್ಕೆ ಸಹಿ ಹಾಕಿದ್ದೇವೆಂದು ಸುಮ್ಮನಾಗಬೇಕಿಲ್ಲ. ನಿರ್ಲಕ್ಷ್ಯದಿಂದ ಸಾವು ಉಂಟಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿಯ ಅಪರಾಧವನ್ನು ಆ ಸಹಿ ಅಳಿಸುವುದಿಲ್ಲ.

ನವೆಂಬರ್, ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಗಳು ಶುರುವಾಗುತ್ತವೆ. ಮುಂಗಾರಿನ ನೀರು ಕುಡಿದ ಕೇಬಲ್ಲುಗಳ ಮೇಲೆ ಅತಿ ಹೆಚ್ಚು ಮಕ್ಕಳು ಹತ್ತುವುದು ಆಗಲೇ. ಒಪ್ಪಿಗೆ ಪತ್ರ ಮನೆಗೆ ಬಂದಾಗ, ಸಹಿಗೆ ಮೊದಲು ಆ ತಾಣದ ತಪಾಸಣಾ ಪತ್ರದ ಪ್ರತಿಯನ್ನು ಶಾಲೆಯಿಂದ ತರಿಸಿಕೊಳ್ಳಿ. ಅದು ಸಿಗದಿದ್ದರೆ ಮಕ್ಕಳು ಪ್ರವಾಸಕ್ಕೆ ಹೋಗಲಿ, ಕೇಬಲ್ ಹತ್ತುವುದು ಬೇಡ ಎಂದು ಅದೇ ಪತ್ರದ ಮೇಲೆ ಬರೆದುಕೊಡಿ.