ಸೋಲಾರ್ ರೈಲು ನೆಟ್ಟಗೆ ಕೂರಬೇಕಾದರೆ

ಪ್ರಶ್ನೆ: ಹೆಂಚಿನ ಮಾಡಿಗೆ ಸೋಲಾರ್ ಹಾಕಿಸುತ್ತಿದ್ದೇವೆ. ಪ್ಯಾನೆಲ್ ಹೊರುವ ರೈಲುಗಳನ್ನು ಬೇಗ, ನೇರವಾಗಿ ಕೂರಿಸಲು ಉಪಾಯವೇನು? — ಓದುಗರೊಬ್ಬರು, ಬೆಳ್ತಂಗಡಿ

ಉತ್ತರ: ಹೆಂಚಿನ ಸಾಲನ್ನು ಮಾತ್ರ ನಂಬಬೇಡಿ. ಬಂಟ್ವಾಳ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಲ್ಲಿ ಪಕ್ಕಾಸು ಬಾಗಿದ್ದರೆ ಸಾಲೂ ಬಾಗಿರುತ್ತದೆ. ಹೆಂಚು ಸರಿಸಿ, ರೈಲು ಹಿಡಿಯುವ ಕೊಕ್ಕೆಗಳನ್ನು ಪಕ್ಕಾಸಿಗೇ ಬಿಗಿಯಬೇಕು. ರೀಪಿಗೆ ಆ ತಾಕತ್ತಿಲ್ಲ. ಮೊದಲು ಎರಡು ತುದಿಯ ಕೊಕ್ಕೆ ಕೂರಿಸಿ, ಗಾರೆಯವರಂತೆ ದಾರ ಎಳೆದು ಕಟ್ಟಿ. ನಡುವಿನ ಕೊಕ್ಕೆಗಳ ಎತ್ತರವನ್ನು ದಾರಕ್ಕೆ ಹೊಂದಿಸಿದರಾಯಿತು. ಎರಡನೆಯ ರೈಲಿಗೆ ಪ್ರತಿ ಸಲವೂ ಟೇಪು ಯಾಕೆ? ಅಂತರದಷ್ಟೇ ಉದ್ದದ ರೀಪಿನ ತುಂಡೊಂದು ಸಾಕು. ಕೊನೆಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡೂ ಅಳತೆ ಸಮ ಬರುವವರೆಗೆ ಬೋಲ್ಟು ಸಡಿಲವಾಗಿಯೇ ಇರಲಿ. ದಿಕ್ಕು ಆರಿಸುವುದಾದರೆ, 13 ಡಿಗ್ರಿ ಅಕ್ಷಾಂಶದ ನಮ್ಮೂರಿಗೆ ದಕ್ಷಿಣದ ಇಳಿಜಾರು ಉತ್ತಮ. ಕೆಲಸ ಮಳೆ ಶುರುವಾಗುವ ಜೂನ್‌ಗೆ ಮೊದಲೇ ಮುಗಿಯಲಿ, ಪಾಚಿ ಹಿಡಿದ ಹೆಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ.