ಸ್ಮರಣೆಯ ಹೆಸರಿನಲ್ಲಿ ಸುಳ್ಳುಸಾಕ್ಷಿ



ಸತ್ತವರನ್ನು ಸ್ಮರಿಸುವುದು ಪುಣ್ಯದ ಕೆಲಸ. ಆದರೆ ಸತ್ತವರ ಹೆಸರು ಹೇಳಿಕೊಂಡೇ ಒಂದು ಸುಳ್ಳು ಊರೂರು ಸುತ್ತಿದರೆ? 2007ರಲ್ಲಿ ಹೀಗೇ ಆಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ನಾಜಿ ಆಡಳಿತ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು. ಈ ನರಮೇಧಕ್ಕೆ ಹೋಲೊಕಾಸ್ಟ್ ಎಂದು ಹೆಸರು. ಮುಸ್ಲಿಮರ ಮನಸ್ಸಿಗೆ ನೋವಾಗುತ್ತದೆಂದು ಬ್ರಿಟನ್ ಈ ಪಾಠವನ್ನೇ ಶಾಲೆಗಳಿಂದ ಕಿತ್ತುಹಾಕಿದೆ ಎಂಬ ಇ-ಮೇಲ್ ದೇಶದಿಂದ ದೇಶಕ್ಕೆ ಹರಡಿತು. ಹತರಾದ ಕಥೋಲಿಕ ಗುರುಗಳ ಲೆಕ್ಕವೂ ಅದರಲ್ಲಿತ್ತು. ಓದಿದ ಕಥೋಲಿಕರಿಗೆ ಇದು ನಮ್ಮದೇ ನೋವು ಎನಿಸುವಂತಿತ್ತು.

ನಿಜವೇನು? ಬ್ರಿಟನ್ನಿನ ಹಿಸ್ಟಾರಿಕಲ್ ಅಸೋಸಿಯೇಷನ್ 2007ರಲ್ಲಿ ಒಂದು ವರದಿ ಪ್ರಕಟಿಸಿತು. ಸೂಕ್ಷ್ಮ ವಿಷಯಗಳನ್ನು ಶಾಲೆಗಳಲ್ಲಿ ಹೇಗೆ ಕಲಿಸಬೇಕು ಎಂಬುದು ಅದರ ವಿಷಯ. ಉತ್ತರ ಇಂಗ್ಲೆಂಡಿನ ನಗರವೊಂದರ ಒಂದು ಶಾಲೆಯ ಇತಿಹಾಸ ವಿಭಾಗ, ಕೆಲವು ಮುಸ್ಲಿಂ ವಿದ್ಯಾರ್ಥಿಗಳ ಯೆಹೂದ್ಯ ವಿರೋಧಿ ಭಾವನೆಯನ್ನು ಎದುರಿಸಲು ಅಂಜಿ, ಪರೀಕ್ಷೆಯ ಬರವಣಿಗೆ ಕೆಲಸಕ್ಕೆ ಹೋಲೊಕಾಸ್ಟ್ ವಿಷಯವನ್ನು ಆರಿಸಲಿಲ್ಲ ಎಂದು ಅದು ತಿಳಿಸಿತ್ತು. ಆ ಅಂಜಿಕೆ ಸರಿಯಲ್ಲ, ನಿಜ. ಆದರೆ ಸುದ್ದಿ ಬಾಯಿಂದ ಬಾಯಿಗೆ ದಾಟುತ್ತಾ ಒಂದು ಶಾಲೆ ಎಲ್ಲ ಶಾಲೆಗಳಾಯಿತು, ಶಿಕ್ಷಕರ ಅಂಜಿಕೆ ಸರ್ಕಾರದ ಆದೇಶವಾಯಿತು! ವಾಸ್ತವದಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಈ ವಿಷಯ 1991ರಿಂದಲೂ ಇದೆ.

ಸುಳ್ಳು ಅಲ್ಲಿಗೂ ನಿಲ್ಲಲಿಲ್ಲ. 'ಯು.ಕೆ.' ಎಂಬ ಎರಡಕ್ಷರವನ್ನು ಯಾರೋ ಅಮೆರಿಕದ ಯೂನಿವರ್ಸಿಟಿ ಆಫ್ ಕೆಂಟಕಿ ಎಂದು ಓದಿಕೊಂಡರು. ಈ ಗೊಡವೆಯೇ ಇಲ್ಲದ ಆ ವಿಶ್ವವಿದ್ಯಾನಿಲಯ, ತಾನು ಯಾವ ಪಾಠವನ್ನೂ ಕೈಬಿಟ್ಟಿಲ್ಲವೆಂದು ಸ್ಪಷ್ಟನೆ ಕೊಡಬೇಕಾಯಿತು.

'ಉದ್ದೇಶ ಒಳ್ಳೆಯದಿತ್ತಲ್ಲ ಫಾದರ್?' ಎಂದು ನೀವು ಕೇಳಬಹುದು. ಈ ಸುಳ್ಳಿನಿಂದ ಎರಡು ಹಾನಿಗಳಾದವು. ಒಂದು, ಮಾಡದ ತಪ್ಪು ಇಡೀ ಒಂದು ಸಮುದಾಯದ ತಲೆಗೆ ಬಂತು. ಎಂಟನೆಯ ಆಜ್ಞೆ ನಿಷೇಧಿಸುವ ಸುಳ್ಳುಸಾಕ್ಷಿ ಎಂದರೆ ಇದೇ. ಎರಡು, ನರಮೇಧ ನಡೆದೇ ಇಲ್ಲ ಎನ್ನುವವರು ಇಂದಿಗೂ ಇದ್ದಾರೆ. ಸ್ಮರಣೆಯೊಡನೆ ಸುಳ್ಳು ಬೆರೆತರೆ ಅವರ ಬಾಯಿಗೆ ನಾವೇ ಮಾತು ಕೊಟ್ಟಂತೆ.

ಇನ್ನೊಬ್ಬ ಕೈದಿಯ ಬದಲಿಗೆ ತಾವೇ ಮುಂದೆ ಬಂದು 1941ರಲ್ಲಿ ಆಶ್‌ವಿಟ್ಸ್ ಶಿಬಿರದಲ್ಲಿ ಪ್ರಾಣ ಕೊಟ್ಟ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ, ಯೆಹೂದ್ಯ ಮನೆತನದಲ್ಲಿ ಹುಟ್ಟಿ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯಾಗಿ 1942ರಲ್ಲಿ ಅಲ್ಲೇ ಹತರಾದ ಸಂತ ಎಡಿತ್ ಸ್ಟೈನ್: ಇವರ ಸ್ಮರಣೆಗೆ ಸತ್ಯವೇ ಸಾಕು, ಕಟ್ಟುಕತೆ ಬೇಕಿಲ್ಲ.

ಅಂದಿನ ಇ-ಮೇಲ್ ಜಾಗಕ್ಕೆ ಇಂದು ವಾಟ್ಸಾಪ್ ಬಂದಿದೆ. ಸುಳ್ಳುಸುದ್ದಿಯ ತಂತ್ರ ಏದೆನ್ ತೋಟದ ಸರ್ಪದ ತಂತ್ರವೇ ಎಂದು ಪೋಪ್ ಫ್ರಾನ್ಸಿಸ್ 2018ರ ತಮ್ಮ ಸಂದೇಶದಲ್ಲಿ ಎಚ್ಚರಿಸಿದ್ದರು. ಮನೆಮಂದಿಯೆಲ್ಲ ಒಂದು ಅಭ್ಯಾಸ ಮಾಡಿಕೊಳ್ಳೋಣ. ಸಂದೇಶ ಕಳಿಸುವ ಮೊದಲು ಕೇಳೋಣ: ಯಾವ ಶಾಲೆ? ಯಾವ ದಿನ? ಹೇಳಿದವರು ಯಾರು? ಉತ್ತರ ಸಿಗದಿದ್ದರೆ ಅದು ನಮ್ಮಲ್ಲೇ ನಿಲ್ಲಲಿ.

ಆ ಇ-ಮೇಲ್ ಅಮೆರಿಕದ ಸೇನಾನಿ ಐಸೆನ್‌ಹೋವರ್ ಹೆಸರನ್ನೂ ಬಳಸಿಕೊಂಡಿತ್ತು. ಅವರು ಮಾಡಿದ್ದೇನು? 1945ರ ಏಪ್ರಿಲ್ 12ರಂದು ಓರ್‌ಡ್ರುಫ್ ಶಿಬಿರಕ್ಕೆ ತಾವೇ ಹೋಗಿ ಹೆಣಗಳ ರಾಶಿಯನ್ನು ಕಣ್ಣಾರೆ ಕಂಡರು. ಮುಂದೊಂದು ದಿನ ಇದೆಲ್ಲ ಬರೀ ಪ್ರಚಾರ ಎಂದು ಯಾರಾದರೂ ಹೇಳಿದರೆ ತಾನೇ ಸಾಕ್ಷಿಯಾಗಬೇಕೆಂಬುದೇ ಅವರ ಉದ್ದೇಶವಾಗಿತ್ತು. ನೋಡಿ ನುಡಿಯುವವನೇ ಸಾಕ್ಷಿ.