ಡಿಮೆನ್ಶಿಯಾ: ನೋಡಿಕೊಳ್ಳುವವರ ಬಿಡುವು ಯಾರ ಹೊಣೆ?

ಬಸವಕಲ್ಯಾಣವಿರಲಿ, ಹುಮನಾಬಾದ್ ಇರಲಿ, ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳೋದು ಯಾರು? ಬಹುತೇಕ ಹೆಂಡತಿ, ಸೊಸೆ, ಇಲ್ಲವೇ ಮಗಳು. ಡಿಮೆನ್ಶಿಯಾ ಆರೈಕೆಯ ಶೇ. 70ರಷ್ಟು ಗಂಟೆಗಳು ಹೆಣ್ಣುಮಕ್ಕಳದ್ದೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆ ಎಂಬುದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು.

ಇದು ಔಷಧಿ ಕೊಟ್ಟು ಮುಗಿಯುವ ಕೆಲಸವಲ್ಲ. ನಡುರಾತ್ರಿ ಎದ್ದು ಓಡಾಡೋದು, ಬಾಗಿಲು ತೆಗೆದು ಹೊರಟುಬಿಡೋದು, ಉಂಡಿದ್ದನ್ನೇ ಮರೆಯೋದು. ಕಾಯುವವರಿಗೆ ನಿದ್ದೆಯಿಲ್ಲ, ಕೂಲಿಗೆ ಹೋಗುವಂತಿಲ್ಲ, ಮದುವೆ-ಜಾತ್ರೆಯೂ ದೂರ. ಕೊನೆಗೆ ಅವರೇ ಹಾಸಿಗೆ ಹಿಡಿಯುತ್ತಾರೆ.

ಇದಕ್ಕೆ ದಾರಿಗಳಿವೆ: ಹಗಲು ಆರೈಕೆ ಕೇಂದ್ರ, ಮನೆಗೆ ಬರುವ ತರಬೇತಾದ ಸಹಾಯಕಿ, ಕೆಲ ದಿನಗಳ ವಸತಿ ಆರೈಕೆ. ಬೆಂಗಳೂರಲ್ಲಿ ನೈಟಿಂಗೇಲ್ಸ್ ಟ್ರಸ್ಟ್‌ನಂಥ ಸಂಸ್ಥೆಗಳು ಇದನ್ನು ಮಾಡಿ ತೋರಿಸಿವೆ. ತಾಲ್ಲೂಕಿನ ಬಡ ಮನೆಗೆ ಬೆಂಗಳೂರು ಎಟುಕುವುದೆಲ್ಲಿ?

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 24ನೇ ಕಲಂ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. ರಾಜ್ಯದ 2024-25ರ ಬಜೆಟ್ ತಿಂಗಳಿಗೆ 1,000 ರೂ. ಘೋಷಿಸಿತು, ಆದರೆ ಪಾರ್ಕಿನ್ಸನ್ ಸೇರಿ ನಾಲ್ಕು ಕಾಯಿಲೆಗಳಿಗೆ ಮಾತ್ರ. ಆ ಪಟ್ಟಿಯಲ್ಲಿ ಡಿಮೆನ್ಶಿಯಾ ಇರಲಿಲ್ಲ.

ಮನಸ್ಸು ಕುಸಿದಾಗ ಉಚಿತ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಆದರೆ ಫೋನು ರಾತ್ರಿ ಕಾವಲು ಕಾಯಲ್ಲ. ತಾಲ್ಲೂಕಿಗೊಂದು ಹಗಲು ಕೇಂದ್ರ, ಪಟ್ಟಿಯಲ್ಲಿ ಡಿಮೆನ್ಶಿಯಾ: ಮತ ಕೇಳಲು ಬಂದವರ ಮುಂದೆ ಇಡಬೇಕಾದ ಬೇಡಿಕೆಗಳಿವು. ಕಾಯಕಕ್ಕೆ ಘನತೆ ಕೊಟ್ಟ ಕಲ್ಯಾಣದ ನೆಲದಲ್ಲಿ ಆರೈಕೆಯೂ ಕಾಯಕವೇ ಅಲ್ವಾ?